ಎರಡನೇ ಮೈಕು

ಉಪ್ಪಳದ ಕಡಪ್ಪುರ ಶಾಲೆಯಲ್ಲಿ ಬೆಂಚು ಸರಿಸಿ
ಚಾಪೆ ಹಾಸಿ ಇವತ್ತಿಗೆ ಹನ್ನೊಂದು ದಿನ.
ಶಾಸಕಿ ತಂಗಮಣಿ ಟೀಚರ್ ಬಂದರು,
ಸೀರೆಯ ಅಂಚಿಗೆ ಕೆಸರು; ಕಾರು ಸೇತುವೆಯ ಆಚೆಗೇ ನಿಂತಿತಂತೆ.
ಒಂದು ಮೈಕು ಅವರಿಗೆ, ಒಂದು ನನಗೆ.
ಅವರು ಮಲಯಾಳದಲ್ಲಿ ಹೇಳಿದ್ದನ್ನು
ಕನ್ನಡಕ್ಕೆ ದಾಟಿಸುವುದು ನನ್ನ ಕೆಲಸ,
ಪಂಚಾಯತಿ ಲೆಕ್ಕದಲ್ಲಿ ಸಭೆಗೆ ಮುನ್ನೂರೈವತ್ತು,
ಚಹಾ ಬೇರೆ.

ದಾಟಿಸುವುದು ಅಂದೆ. ದೋಣಿಯ ಮಾತು.
ಹತ್ತಿರದ ದಡವೇ ಕಷ್ಟ:
ನೀರು ಕಡಿಮೆ, ಅಡಿಯಲ್ಲಿ ಬಂಡೆ.

"ಅಡಿಯಂತರ ಸಹಾಯಂ" ಎಂದರು ಟೀಚರ್.
ನಾನು ಬಾಯಿ ತೆರೆಯುವ ಮೊದಲೇ
ಮೂಲೆಯಿಂದ ದೇಜಮ್ಮ: "ಅಡಿಯಂತ್ರವಾ? ಯಾರ ಮನೆಯದ್ದು?
ಸತ್ತದ್ದು ಯಾರು ಮಾರಾಯ?"
ಯಾರೂ ಅಲ್ಲಮ್ಮ, ತುರ್ತು ಪರಿಹಾರ.
ಮನೆಗೆ ಹತ್ತು ಸಾವಿರ, ಹದಿನೈದು ಕಿಲೋ ಅಕ್ಕಿ, ಸೋಮವಾರದಿಂದ.
"ಮನೆಗೆ ಅಂದರೆ, ಮನೆ ಇದ್ದವರಿಗಾ, ಹೋದವರಿಗಾ?"
ಅದನ್ನು ಆಚೆಗೆ ದಾಟಿಸಿದೆ.
ಟೀಚರ್ ಕಾಗದದಲ್ಲಿ ಹುಡುಕಿದರು,
ಹಿಂದಿನ ಪುಟದಲ್ಲೂ.

ಆಮೇಲೆ ಬಿಲ್ಲುಗಳ ಸರದಿ.
ತೀರ ಸಂರಕ್ಷಣೆಯದ್ದೊಂದು, ಕಪ್ಪು ಕಲ್ಲಿನ ತಡೆಗೋಡೆ ಸಹಿತ;
ಮನೆ ಕಳಕೊಂಡ ಮೀನುಗಾರರದ್ದು ಇನ್ನೊಂದು.
"ಕರೆಂಟಿನ ಬಿಲ್ಲಾದರೆ ಕಟ್ಟುವುದಿಲ್ಲ,
ಮೀಟರೇ ಕಡಲಲ್ಲಿದೆ" ಎಂದ ಅಂದುಂಞಿ. ನಗು.
ಮಸೂದೆ ಅಂದೆ. ಮಸೂದೆ ಎಂದರೆ
ಅರೆದಿಟ್ಟ ಹಿಟ್ಟು, ಹುಳಿ ಬಂದಿಲ್ಲ.
ಈಗ ಎಲ್ಲಿದೆ? ಸಮಿತಿಯಲ್ಲಿ.
ಸಮಿತಿ ಎಲ್ಲಿದೆ? ತಿರುವನಂತಪುರದಲ್ಲಿ.
ತಿರುವನಂತಪುರ ಎಲ್ಲಿದೆ ಎಂದು ಯಾರೂ ಕೇಳಲಿಲ್ಲ;
ಸಂಜೆ ಹತ್ತಿದರೆ ಬೆಳಿಗ್ಗೆ ಇಳಿಯುವಷ್ಟು ದೂರ,
ಇಳಿದವರಿಗೆಲ್ಲ ಗೊತ್ತು.

"ಅದು ನಿಙ್ಙಳುಡೆ ಅವಕಾಶಮಾಣ್!" ಮೇಜು ಬಡಿದರು ಟೀಚರ್.
ಅವಕಾಶ. ಅವರ ಭಾಷೆಯಲ್ಲಿ ಅದು ಹಕ್ಕು.
ನಮ್ಮದರಲ್ಲಿ ಸಿಕ್ಕಿದರೆ ಸಿಕ್ಕಿತು,
ಕೊನೆಯ ಬಸ್ಸಿನ ಸೀಟಿನ ಹಾಗೆ.
ಈ ಒಂದು ಶಬ್ದದ ಎರಡು ಅರ್ಥಗಳ ನಡುವೆ
ನಲವತ್ತು ವರ್ಷ ಫೈಲು ಹಿಡಿದು ನಿಂತವರನ್ನು ಬಲ್ಲೆ,
ನನ್ನ ಅಪ್ಪನೂ ಸೇರಿ.
ಹಕ್ಕು ಅಂದೆ. ಇನ್ನೊಮ್ಮೆ, ಮೈಕು ತುಟಿಗೊತ್ತಿ: ಹಕ್ಕು.
ಕೀಂಯ್ ಎಂದಿತು ಮೈಕು.

"ಪರಿಗಣನಯಿಲಾಣ್" ಕೊನೆಗೂ ಬಂತು, ಬರಲೇಬೇಕಿತ್ತು.
ಪರಿಗಣನೆಯಲ್ಲಿದೆ ಎನ್ನಬಹುದಿತ್ತು, ಅಕ್ಷರಕ್ಕೆ ಅಕ್ಷರ ಸರಿ.
ಬಾಯಿಂದ ಬಿದ್ದದ್ದು: ಇನ್ನೂ ಆಗಿಲ್ಲ.
ಟೀಚರ್ ನನ್ನ ಕಡೆ ತಿರುಗಿದರು.
ಅಷ್ಟು ಕನ್ನಡ ಅವರಿಗೂ ಬರುತ್ತದೆ.
ಹೋಯಿತು ಮುನ್ನೂರೈವತ್ತು ಅಂದುಕೊಂಡೆ.
ಅವರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಳ್ಳದೆ
ತಾವೇ ಹೇಳಿದರು, ತಡವರಿಸಿ:
"ಹೌದು. ಇನ್ನು... ಆಗಲಿಲ್ಲ."
ಆಗ ಸಭೆ ಸುಮ್ಮನಾಯಿತು,
ಮಕ್ಕಳು ಕೂಡ.
ಗೋಡೆಯಾಚೆಯದ್ದು ಮಾತ್ರ ಮಾತಾಡುತ್ತಲೇ ಇತ್ತು,
ಅದಕ್ಕೆ ದುಭಾಷಿ ಬೇಡ.

ದೀಪ ಹಚ್ಚುವ ಹೊತ್ತಿಗೆ ಅರ್ಜಿ ತುಂಬಿಸಲು ಕೂತೆ.
ಮೇಲೆ ಅಚ್ಚಾಗಿತ್ತು: ಅಪೇಕ್ಷ.
ಅರ್ಜಿಗೆ ಅವರು ಹಾಗೆನ್ನುತ್ತಾರೆ ಎಂದು ಬಿಡಿಸಿ ಹೇಳಿದ್ದೇ ತಪ್ಪು.
"ಹಾಗಾದರೆ ನನ್ನ ಅಪೇಕ್ಷೆ ಬರಿ" ಎಂದಳು ದೇಜಮ್ಮ.
"ಅಡುಗೆಕೋಣೆ ಹೋಯಿತು, ಹೋಗಲಿ.
ಅರೆಯುವ ಕಲ್ಲು ಇಳಿತದ ಹೊತ್ತಿಗೆ ಈಗಲೂ ಕಾಣುತ್ತದೆ,
ಕೂತಲ್ಲೇ ಕೂತಿದೆ, ನನ್ನ ಅತ್ತೆಯ ಹಾಗೆ.
ಟೀಚರು ಕಡಲಿಗೆ ಕಲ್ಲು ಹಾಕಿಸುತ್ತಾರಂತಲ್ಲ,
ಮೊದಲನೆಯದು ನನ್ನದು. ಲೆಕ್ಕಕ್ಕೆ ಹಿಡಿಯಲಿ."

ನಷ್ಟದ ಕಾಲಮಿಗೆ ಅವಳು ಒಪ್ಪಲಿಲ್ಲ.
ಹೆಬ್ಬೆಟ್ಟಿನ ಶಾಯಿ ಒಣಗುತ್ತಿರಲಿಲ್ಲ, ಗಾಳಿಯಲ್ಲಿ ಉಪ್ಪು.
'ಇತರೆ' ಎಂಬಲ್ಲಿ ಬರೆದೆ: ಕಲ್ಲು, ಒಂದು.
ಮಲಯಾಳದಲ್ಲೂ ಅದು ಕಲ್ಲೇ.